ಯೂಲೆಸ್ ವಾರ್ತೆಯ ಕಾಣೆಯಾದ ಸಂಚಿಕೆ

ಜುಲೈ 12, ಶನಿವಾರ, ಬೆಳಗ್ಗೆ 8.10. ಸಂಪಾದಕ ಸಿದ್ಧಾರೂಢ ಟೆಕ್ಸಾಸಿನ ಯೂಲೆಸ್ ಊರಿನ ಠಾಣೆಗೆ ಬಂದು ದೂರು ಕೊಟ್ಟ: ವ್ಯಾನಿನಲ್ಲಿದ್ದ ‘ಯೂಲೆಸ್ ವಾರ್ತೆ’ಯ ಆರುನೂರು ಪ್ರತಿಗಳು ಕಳವಾಗಿವೆ. ಶ್ರೀಲಂಕಾದ ಅಂತರ್ಯುದ್ಧಕ್ಕೆ ಭಾರತದ ಸೇನೆ ಹೋದಾಗ ಈತ ಸಿಪಾಯಿ. ಈಗ ಈತನ ಪತ್ರಿಕೆ ಓದದೆ ಡಲ್ಲಾಸಿನಿಂದ ಹ್ಯೂಸ್ಟನ್‌ವರೆಗೆ ಯಾವ ಕನ್ನಡಿಗನಿಗೂ ಕಾಫಿ ಇಳಿಯುವುದಿಲ್ಲ.

ಕೇಸು ಡಿಟೆಕ್ಟಿವ್ ಅಮೂಲ್ಯಾಳ ಕೈಗೆ ಬಂತು. ಆಕೆ ಹುಬ್ಬು ಏರಿಸಿದರೆ ಆಸ್ಟಿನ್‌ನಲ್ಲಿರುವ ಕಳ್ಳನೂ ಬೆವರುತ್ತಾನೆ. ಇದೂ ಕಡಿಮೆ ಮಾಡಿಯೇ ಹೇಳಿದ್ದು. ಎಫ್‌ಐಆರ್ ಆಯಿತು. ಇಲ್ಲಿ ಅದಕ್ಕೆ ಬೇರೆ ಹೆಸರು, ತಲೆನೋವು ಅದೇ.

“ಬೀಗ ಒಡೆದಿದ್ದಾರಾ?”

“ಇಲ್ಲರಿ. ಕೀಲಿಕೈ ಹಾಕಿ ತಗದಾರ.”

“ಈ ಸಲ ಅಂಥದ್ದೇನು ಬರೆದಿದ್ರಿ?”

ಸಿದ್ಧಾರೂಢ ಎರಡು ಸಲ ಬಾಗಿಲ ಕಡೆ ನೋಡಿದ. “ಜಾಫ್ನಾದಾಗ ನಮ್ಮ ಜೋಡಿ ಸಿಪಾಯಿ ನರಸಿಂಹ ಗುಂಡು ಬಿದ್ದು ಎರಡು ತಾಸು ಕೂಗಿದ. ನಾನು, ಅಪ್ಪಾಸಾಹೇಬ ಕಾಲುವ್ಯಾಗ ಮಲಕೊಂಡು ಕೇಳಿದ್ವಿ. ಹೋಗಲಿಲ್ಲ. ತಟ್ನ ಸತ್ತ ಅಂತ ಎಲ್ಲಾರಿಗೂ ಹೇಳಿದ್ವಿ. ಅವನ ಮಗಳು ನಾಗಮಣಿ ಇಲ್ಲೇ ಲಿಟಲ್ ಎಲ್ಮ್ ಊರಾಗ ಅದಾಳ. ಆಕಿಗೆ ಖರೇ ಗೊತ್ತಾಗಬೇಕ್ರಿ, ಅದಕ್ಕ ಬರದೆ.”

“ಅಚ್ಚಿಗೆ ಮುಂಚೆ ಯಾರು ಓದಿದ್ರು?”

“ತಪ್ಪು ತಿದ್ದಾವ ಒಬ್ಬನ. ಅಪ್ಪಾಸಾಹೇಬ. ವ್ಯಾನಿನ ಇನ್ನೊಂದು ಕೀಲಿಕೈನೂ ಅವನ ಹತ್ರ ಐತಿ.”

10.30ಕ್ಕೆ ಆಫೀಸರ್ ವಿನಾಯಕ್ ಸುತ್ತಲಿನ ಕಸದ ತೊಟ್ಟಿಗಳನ್ನೆಲ್ಲ ಜಾಲಾಡಿ ಬಂದ.

“ಒಂದು ಹಾಳೇನೂ ಇಲ್ಲ ಮ್ಯಾಮ್. ರೀಸೈಕಲ್ ಆಗೋಗಿರತ್ತೆ ಬಿಡಿ.”

“ಪೇಪರಿಗೆ ಕಾಲು ತಗುಲಿದ್ರೆ ಏನ್ ಮಾಡ್ತೀರಿ?”

“ಕಣ್ಣಿಗೆ ಒತ್ಕೋತೀನಿ.”

“ಅಪ್ಪಾಸಾಹೇಬರೂ ಅಷ್ಟೇ. ಸರಸ್ವತೀನ ತೊಟ್ಟಿಗೆ ಹಾಕೋಕೆ ಕೈ ಬಂದಿರಲ್ಲ. ಮನೇಲೇ ಇರತ್ತೆ. ವಾರಂಟ್ ಕೇಳಿ.”

12.40, ಮೆಕಿನ್ನಿ ಊರಿನ ಮನೆ. ಆಮ್ಲೆಟ್ ಹುಯ್ಯಬಹುದಾದ ಬಿಸಿಲಿನಲ್ಲಿ ಅಪ್ಪಾಸಾಹೇಬನ ಕಾರು ಹೊರಗೆ ನಿಂತಿತ್ತು. ಗರಾಜಿನೊಳಗೆ, ನೆಲ ತಾಗದಂತೆ ಹಲಗೆಗಳ ಮೇಲೆ, ಒಗೆದ ಪಂಚೆ ಹೊದ್ದು ಆರುನೂರು ಪ್ರತಿಗಳು. ಪಂಚನಾಮೆಗೆ ಇಲ್ಲಿ ಪಂಚರು ಬೇಕಿಲ್ಲ, ಎದೆಯ ಮೇಲಿನ ಕ್ಯಾಮೆರಾ ಸಾಕು. 1.05ಕ್ಕೆ ಬಂಧನ.

“ಯಾಕೆ ಮಾಡಿದ್ರಿ, ಅಂಕಲ್?”

“ಪ್ರತಿ ಐತವಾರ ನಾಗಮಣಿ ಮನ್ಯಾಗ ಊಟ ನಂದು. ಇದೊಂದು ಊಟ ಮುಗೀಲಿ, ಆಮ್ಯಾಲ ನಾನ ಹೇಳತೀನಿ ಅಂತ. ಹದಿನಾಲ್ಕು ವರ್ಷ ಹಂಗ ಅನಕೋತ ಬಂದೆ.”

ಠಾಣೆಯಲ್ಲಿ ಒಂದು ಫೋನಿಗೆ ಅವಕಾಶ ಕೊಟ್ಟರು. ವಕೀಲರ ಸಂಖ್ಯೆ ಮುಂದಿಟ್ಟರೂ ಆತ ಬೇರೆಯದನ್ನೇ ಒತ್ತಿದ.

“ನಾಗಮಣಿ, ನಾಳೆ ಊಟಕ್ಕ ಕಾಯಬ್ಯಾಡವಾ.”

ಆಚೆಯಿಂದ, “ಯಾಕ್ರಿ ಅಂಕಲ್, ಆರಾಮ ಅದೀರಿಲ್ಲೋ?”

ಆತ ಕುರ್ಚಿ ಎಳೆದುಕೊಂಡು ಕೂತ. ಅಮೂಲ್ಯಾ ಗಡಿಯಾರ ನೋಡಲಿಲ್ಲ.

“ನಿಮ್ಮಪ್ಪ ತಟ್ನ ಸತ್ತಿರಲಿಲ್ಲವಾ,” ಎಂದು ಅಪ್ಪಾಸಾಹೇಬ ಶುರುಮಾಡಿದ.