ತಾಳಕ್ಕೆ ಸಿಗದ ಹಾಡು

ಸೆಪ್ಟೆಂಬರಿನ ಕೊನೆ. ಹಳ್ಳದ ನೀರಲ್ಲಿ ಎಂಟು ದಿನ ನೆನೆದು, ಬೇಲಿಗೆ ಒರಗಿ ಒಣಗಿದ ಸೆಣಬಿನ ಕಟ್ಟುಗಳು ಅಂಗಳಕ್ಕೆ ಬಂದಿದ್ದವು. ಹಾರ್ಗಿತಾ ಬೆಟ್ಟದ ಕೆಳಗಿನ ಆ ಊರಲ್ಲಿ ಅವತ್ತು ಯಾವ ಹೆಂಗಸಿಗೂ ಬಿಡುವಿಲ್ಲ. ಮರದ ದವಡೆಯಂಥ ಕತ್ತರಿಯಲ್ಲಿ ಕಡ್ಡಿ ಮುರಿದು ನಾರು ಬಿಡಿಸುವ ಟಕಟಕ ಸದ್ದು ಬೀದಿಯುದ್ದಕ್ಕೂ ಕೇಳುತ್ತಿತ್ತು.

ಪಿರೋಷ್ಕಾಳ ತಲೆವಸ್ತ್ರದ ಮೇಲೆ, ರೆಪ್ಪೆಯ ಮೇಲೆ ಧೂಳು. ಕೈ ನಿಲ್ಲಿಸದೆ ತಲೆಯೆತ್ತಿದವಳು ಬೇಲಿಯಾಚೆ ಅವನನ್ನು ಕಂಡಳು. ಪಟ್ಟಣದ ಕೋಟು, ಕೆಸರಾದ ಬೂಟು, ಬೆನ್ನ ಮೇಲೊಂದು ಪೆಟ್ಟಿಗೆ. ಅದರಿಂದ ಹೂವಿನಂತೆ ಅರಳಿದ ತಗಡಿನ ಬಾಯೊಂದು ಇಣುಕುತ್ತಿತ್ತು.

"ಹಳೇ ಹಾಡು ಬೇಕಿತ್ತು..." ಅಂದ.

"ಹಳೇ ಬೂಟೂ ಇದೆ, ಬೇಕಾ?" ಅಂದಳು.

ಅಂಗಳದ ಹೆಂಗಸರೆಲ್ಲ ಗೊಳ್ಳೆಂದರು. ಅವನ ಕಿವಿ ಕೆಂಪಾಯಿತು. ಆದರೆ ಹೋಗಲಿಲ್ಲ!

ಅವನ ಹೆಸರು ಗಾಶ್ಪಾರ್. ಬುಡಾಪೆಸ್ಟಿನಲ್ಲಿ ಪಿಯಾನೋ ಕಲಿಸುವವನು, ಸಂಗೀತ ಬರೆಯುವವನು. ವಿಯೆನ್ನಾದವರ ಮೂರೆಣಿಕೆಯ ವಾಲ್ಟ್ಜ್‌ಗೆ ಲೋಕವೆಲ್ಲ ಕುಣಿಯುತ್ತಿದ್ದ ಕಾಲ ಅದು. ಹೊಸ ಸಂಗೀತದ ಬೇರು ಹಳ್ಳಿಯ ಬಾಯಲ್ಲಿದೆ ಎಂದು ನಂಬಿದ್ದ ನಾಲ್ಕಾರು ಹುಚ್ಚರಲ್ಲಿ ಇವನೂ ಒಬ್ಬ.

ಪಿರೋಷ್ಕಾಳ ಸೋದರತ್ತೆ ರೋಜಿ ಗಂಟಲು ಸರಿಮಾಡಿಕೊಂಡು, ಹೆಂಡದಂಗಡಿಯ ಪಿಟೀಲಿನವರು ನುಡಿಸುವ ಹಾಡೊಂದನ್ನು ಜೋರಾಗಿ ಹಾಡಿದಳು. ಪಟ್ಟಣದ ದೊಡ್ಡವರಿಗೆ ಇಂಥದ್ದೇ ಇಷ್ಟ ಎಂದು ಊರಿಗೆಲ್ಲ ಗೊತ್ತು.

ಗಾಶ್ಪಾರ್ ಬೇಡವೆಂದು ತಲೆಯಾಡಿಸಿದ. "ಇದು ಪಟ್ಟಣದ್ದು ಅತ್ತೆ. ನಮ್ಮಲ್ಲಿಂದಲೇ ನಿಮ್ಮಲ್ಲಿಗೆ ಬಂದಿದ್ದು."

"ನೋಡ್ರೇ! ಬಿಸಿದು ಬಡಿಸಿದ್ರೆ ಬೇಡ, ತಂಗಳೇ ಬೇಕಂತೆ!"

ಪಿರೋಷ್ಕಾಳಿಗೆ ಏನನ್ನಿಸಿತೋ... ಕೈಯಲ್ಲಿದ್ದ ಕಟ್ಟನ್ನು ಕೆಳಗಿಟ್ಟಳು. 'ಇವನಿಗೆ ಹಳೇದು ಬೇಕಾ? ತಡಕೊಳ್ಳಲಿ!' ಅಂದುಕೊಂಡು ಅಜ್ಜಿಯ ಹಾಡು ಎತ್ತಿದಳು. ಗಂಡನನ್ನು ಚಕ್ರವರ್ತಿಯ ದಂಡಿಗೆ ಒಯ್ದ ಮೇಲೆ ದಾರಿ ಕಾಯುವವಳ ಹಾಡು.

ಎರಡನೆಯ ಸಾಲಿಗೆ ಅವನ ಬೂಟು ನೆಲ ತಟ್ಟತೊಡಗಿತು.

ಹಾಡು ಪಟ್ಟನೆ ನಿಂತಿತು.

"ಕಾಲು ನಿಲ್ಸಿ."

"ತಾಳ ಹುಡುಕ್ತಿದ್ದೆ..."

"ಇದಕ್ಕೆ ತಾಳ ಇಲ್ಲ. ದಾರಿ ಕಾಯೋಳು ಒಂದು, ಎರಡು, ಮೂರು ಅಂತ ಎಣಿಸ್ಕೊಂಡು ಕಾಯ್ತಾಳಾ?"

"ನಮ್ಮಲ್ಲಿ ಇದಕ್ಕೆ ರುಬಾಟೋ ಅಂತಾರೆ. ಕಾಲವನ್ನ ಕದಿಯೋದು ಅಂತ ಅರ್ಥ."

"ಕದಿಯೋರು ನೀವು. ನಾವು ನಮ್ಮ ಕಾಲಾನೇ ಖರ್ಚು ಮಾಡೋದು!"

ಅವನು ನಕ್ಕ. ನಕ್ಕಾಗ ಕಣ್ಣು ಚಿಕ್ಕದಾಗುತ್ತಿತ್ತು. ಪಿರೋಷ್ಕಾ ತಕ್ಷಣ ಬೇರೆ ಕಡೆ ನೋಡಿದಳು.

ಆ ಶರತ್ಕಾಲ ಅವನು ಮತ್ತೆ ಮತ್ತೆ ಬಂದ. ಮೆಕ್ಕೆಜೋಳದ ಮುದ್ದೆ, ಕುರಿಗಿಣ್ಣು ತಿಂದ. ಪ್ಲಮ್ ಹಣ್ಣು ಕುದಿಯುವ ಹಂಡೆಯನ್ನು ಸೌಟಿನಲ್ಲಿ ತಿರುವುತ್ತ ತೋಳು ಸುಟ್ಟುಕೊಂಡ. ಕಾಲು ತಟ್ಟದೆ ಕೇಳುವುದನ್ನು ಕಲಿತ.

ಆ ಊರಲ್ಲಿ ಒಂದೊಂದು ಮನೆಗೆ ಒಂದೊಂದು ಹಾಡು. ಒಪ್ಪಿಗೆ ಕೇಳದೆ ಇನ್ನೊಂದು ಮನೆಯವರು ಅದನ್ನು ಹಾಡುವಂತಿಲ್ಲ. ಹಿಮ ಬೀಳುವ ಮುಂಚೆ, ಹೊರಡಲು ನಿಂತವನ ಹಾಡು ಹಿಡಿದಿಡುವ ಯಂತ್ರದ ತಗಡಿನ ಬಾಯೊಳಗೆ ಪಿರೋಷ್ಕಾ ಏಳೂ ಚರಣ ಹಾಡಿದಳು. ಎರಡು ಚರಣಕ್ಕೊಂದು ಮೇಣದ ಉರುಳೆ ಮುಗಿಯುತ್ತಿತ್ತು. ಅವನು ಬದಲಿಸುವವರೆಗೆ ಅವಳು ಕಾದಳು.

"ಅಜ್ಜಿ ಹೋದ್ಮೇಲೆ ಇದನ್ನ ಯಾರಿಗೂ ಕೊಟ್ಟಿಲ್ಲ. ಇದ್ದ ಹಾಗೇ ಇಟ್ಕೊಳ್ಳಿ."

"ಇದ್ದ ಹಾಗೇ... ಮಾತು ಕೊಡ್ತೀನಿ."

ಅವನು ಅವಳ ಬಿರುಕು ಬಿಟ್ಟ ಬೆರಳುಗಳನ್ನು ಹಿಡಿದ. ಅವಳು ಬಿಡಿಸಿಕೊಳ್ಳಲಿಲ್ಲ.

ಫೆಬ್ರವರಿಯಲ್ಲಿ ಅಂಚೆಯಲ್ಲಿ ಅವಳ ಹಾಡು ಅಚ್ಚಾದ ಪುಸ್ತಕ ಬಂತು. ಜೊತೆಗೊಂದು ಕಾಗದ: 'ಮಾರ್ಚ್ ಎರಡನೇ ಭಾನುವಾರ ಮಧ್ಯಾಹ್ನ ಕೊಲೊಜ್ವಾರಿನಲ್ಲಿ ನಿನ್ನ ಹಾಡಿನ ಕಛೇರಿ. ಬಾ.' ಪಿರೋಷ್ಕಾ ಪುಸ್ತಕವನ್ನು ಎದೆಗವಚಿಕೊಂಡು ಚರ್ಚಿಗೆ ಓಡಿದಳು. ಅಲ್ಲಿನ ಹಾಡುಗಾರ ಮೇಷ್ಟ್ರು ಹಾರ್ಮೋನಿಯಂ ಮುಂದೆ ಕೂತರು.

ಉಂ-ಪಾ-ಪಾ... ಉಂ-ಪಾ-ಪಾ...

ಎದುರು ಬೆಂಚಿನಲ್ಲಿದ್ದ ರೋಜಿ ಅತ್ತೆ ಬಾಯಿಗೆ ತಲೆವಸ್ತ್ರದ ಅಂಚು ಒತ್ತಿಕೊಂಡಳು. "ಅಯ್ಯೋ, ನಿಮ್ಮಜ್ಜಿ ವಾಲ್ಟ್ಜ್ ಕುಣೀತಿದ್ದಾಳಲ್ಲೇ!"

ಪಿರೋಷ್ಕಾ ನಗಲಿಲ್ಲ. ಮುಖ ಸುಣ್ಣವಾಯಿತು. 'ಮಾತು ಕೊಟ್ಟಿದ್ದ... ಬೆರಳು ಹಿಡಿದು ಮಾತು ಕೊಟ್ಟಿದ್ದ!'

"ಹೋಗ್ತೀನಿ," ಅಂದಳು. "ಕೇಳೋಕಲ್ಲ. ವಾಪಸ್ ತರೋಕೆ."

"ಹಾಡನ್ನ ಹೇಗೆ ತರ್ತೀಯೇ? ಮೂಟೆ ಕಟ್ಕೊಂಡಾ?"

"ಬೇಕಾದ್ರೆ ಮೂಟೆ ಕಟ್ಕೊಂಡೇ!"

ಆ ಭಾನುವಾರ ಬೆಳಿಗ್ಗೆ ಕೊಲೊಜ್ವಾರಿನ ಸಭಾಂಗಣದಲ್ಲಿ ಅಭ್ಯಾಸ ನಡೆದಿತ್ತು. ರೇಷ್ಮೆಯುಟ್ಟ ಗಾಯಕಿ, ಪಿಯಾನೋ ಮುಂದೆ ಗಾಶ್ಪಾರ್, ಪಕ್ಕದಲ್ಲಿ ಸಭೆಯ ವ್ಯವಸ್ಥಾಪಕ. ಉಣ್ಣೆಯ ಶಾಲು ಹೊದ್ದ ಪಿರೋಷ್ಕಾ ಕೆಸರು ಬೂಟಿನಲ್ಲೇ ನಡುದಾರಿಯಲ್ಲಿ ನಡೆದು ಬಂದಳು.

"ನನ್ನ ಹಾಡು ಕೊಡಿ."

ಗಾಶ್ಪಾರನ ಮುಖ ಅರಳಿ, ಅವಳ ಕಣ್ಣು ನೋಡಿ ಬಾಡಿತು.

"ಪಿರೋಷ್ಕಾ... ತಾಳದ ಗೆರೆ ಇಲ್ಲದಿದ್ರೆ ಅಚ್ಚು ಹಾಕಲ್ಲ ಅಂದ್ರು. ಮೆದುವಾದ ಸ್ವರ ಸೇರಿಸದಿದ್ರೆ ಯಾರೂ ಕೂತು ಕೇಳಲ್ಲ ಅಂದ್ರು. ನಾನು... ಹೆದರಿದೆ."

"ನೀವು ಹೆದರಿದ್ದಕ್ಕೆ ನಮ್ಮಜ್ಜಿ ಕುಣೀಬೇಕಾ?"

ಗಾಶ್ಪಾರ್ ಹಾಳೆಯನ್ನು ಹತ್ತಿರಕ್ಕೆಳೆದುಕೊಂಡ. ಕಿಸೆಯಿಂದ ಪೆನ್ಸಿಲ್ ತೆಗೆದು ಮೊದಲ ತಾಳದ ಗೆರೆ ಹೊಡೆದುಹಾಕಿದ. ಎರಡನೆಯದು. ಮೂರನೆಯದು... ಪುಟ ಮುಗಿಯುವವರೆಗೂ.

ಗಾಯಕಿ ಗಾಬರಿಯಾದಳು. "ಇದೇನ್ರೀ! ಹಾಗಾದ್ರೆ ನಾನು ಉಸಿರು ಎಲ್ಲಿ ತಗೊಳ್ಳಲಿ?"

"ಉಸಿರು ಮುಗಿದಾಗ," ಅಂದಳು ಪಿರೋಷ್ಕಾ.

"ಹಾಗಿದ್ರೆ ಇವಳೇ ಹಾಡ್ಲಿ!" ರೇಷ್ಮೆ ಸರಸರ ಎಂದು ಹೊರಗೆ ಹೋಯಿತು.

"ಈ ಬೂಟಿನವಳಾ? ನನ್ನ ವೇದಿಕೆ ಮೇಲಾ?" ವ್ಯವಸ್ಥಾಪಕ ಕೂಗಾಡಿದ.

"ಅವಳಿಲ್ಲ ಅಂದ್ರೆ ನಾನೂ ಇಲ್ಲ," ಅಂದ ಗಾಶ್ಪಾರ್.

"ನಾನು ಹಾಡ್ತೀನಿ ಅಂತ ಯಾರು ಹೇಳಿದ್ದು?" ಪಿರೋಷ್ಕಾ ಇಬ್ಬರನ್ನೂ ನೋಡಿದಳು. ಶಾಲಿನ ಗಂಟು ಬಿಗಿಮಾಡಿಕೊಂಡಳು. "ಹಾಡ್ತೀನಿ. ನಿಮಗೋಸ್ಕರ ಅಲ್ಲ. ಅಜ್ಜಿಗೋಸ್ಕರ."

ಮಧ್ಯಾಹ್ನ ಸಭೆ ತುಂಬಿತ್ತು. ಗಾಶ್ಪಾರ್ ಒಂದೇ ಒಂದು ಮೇಳಸ್ವರ ಒತ್ತಿದ. ಒಂದಕ್ಕೊಂದು ಉಜ್ಜುವ, ಯಾರೂ ಕೇಳಿರದ ಗಡಸು ಸ್ವರಗಳು. ಒತ್ತಿ, ಅವಳಿಗಾಗಿ ಕಾದ.

ಅವಳು ಮೊದಲ ಸಾಲು ಮುಗಿಸುವಷ್ಟರಲ್ಲಿ ಹಿಂದಿನಿಂದ ಒಬ್ಬ ಕೂಗಿದ: "ಬಾಗಿಲ ಕೀಲಿಗೆ ಯಾರಾದ್ರೂ ಎಣ್ಣೆ ಹಾಕ್ರಪ್ಪೋ!"

ಸಭೆ ನಕ್ಕಿತು. ಪಿರೋಷ್ಕಾ ನಿಲ್ಲಿಸಿದಳು. ಓಡಿಹೋಗಲಿಲ್ಲ, ಅಳಲಿಲ್ಲ. ಕೂಗಿದವನನ್ನು ಹುಡುಕಿ, ಅವನ ಮುಖವನ್ನೇ ನೋಡುತ್ತ ನಿಂತಳು. ನಗು ಸತ್ತಿತು. ಅವನು ತಲೆ ತಗ್ಗಿಸಿದ.

ಅವಳು ಮತ್ತೆ ಮೊದಲಿಂದ ಎತ್ತಿದಳು!

ಮೂರನೆಯ ಚರಣಕ್ಕೆ ಕೆಲವರು ಎದ್ದು ಹೋದರು. ಐದನೆಯದಕ್ಕೆ ಇನ್ನಷ್ಟು ಜನ. ಪಿರೋಷ್ಕಾ ಒಂದು ಚರಣವನ್ನೂ ಬಿಡಲಿಲ್ಲ. ಗಾಶ್ಪಾರ್ ಅವಳ ಬೆನ್ನನ್ನೇ ನೋಡುತ್ತಿದ್ದ. ಅವಳ ಭುಜ ಏರಿದಾಗ ಬೆರಳೆತ್ತಿದ, ಇಳಿದಾಗ ಇಳಿಸಿದ. ಒಮ್ಮೆಯೂ ಮುಂದೆ ಓಡಲಿಲ್ಲ.

ಹಾಡು ಮುಗಿದಾಗ ಅರ್ಧ ಸಭೆ ಖಾಲಿ. ಮೂರನೆಯ ಸಾಲಿನಲ್ಲಿ ಕಪ್ಪುಡುಗೆಯ ಮುದುಕಿಯೊಬ್ಬಳು ಎದ್ದು ನಿಂತು, ಕೈಗವಸಿನಿಂದಲೇ ಕಣ್ಣೊರೆಸಿಕೊಂಡಳು.

ಸಂಜೆಯ ರೈಲಿಗೆ ಇನ್ನೂ ಅರ್ಧ ಗಂಟೆಯಿತ್ತು. ನಿಲ್ದಾಣದ ಬೆಂಚಿನಲ್ಲಿ ಇಬ್ಬರ ನಡುವೆ ಒಬ್ಬರು ಕೂರುವಷ್ಟು ಜಾಗ.

"ನಾಳೆ ಪತ್ರಿಕೆಯಲ್ಲಿ ನನ್ನನ್ನ ಹರಿದು ಹಾಕ್ತಾರೆ," ಅಂದ ಗಾಶ್ಪಾರ್.

"ಬೇಜಾರಾ?"

"ಇಲ್ಲ. ಇವತ್ತೇ ಮೊದಲ ಸಲ ನಾನು ಸಂಗೀತ ನುಡಿಸಿದ್ದು." ಅವನ ದನಿ ತಗ್ಗಿತು. "ಅಚ್ಚಾಗಿರೋ ಪುಸ್ತಕವನ್ನೆಲ್ಲ ವಾಪಸ್ ತರಿಸ್ತೀನಿ. ಮತ್ತೆ ಬರೀತೀನಿ, ನಿನ್ನ ಹೆಸರು ಹಾಕಿ. ಯಾರೂ ಅಚ್ಚು ಹಾಕದಿದ್ರೆ ಕೈಯಲ್ಲೇ ಬರೀತೀನಿ. ಆದ್ರೆ ಪಿರೋಷ್ಕಾ... ನನಗೆ ಬೇಕಾಗಿದ್ದು ಹಾಡಷ್ಟೇ ಅಲ್ಲ. ನೀನು."

ಅವಳು ಹಳಿಗಳ ಕಡೆ ನೋಡುತ್ತಲೇ ನಡುವಿನ ಜಾಗಕ್ಕೆ ಸರಿದು ಕೂತಳು. ಭುಜಕ್ಕೆ ಭುಜ ತಾಗಿತು.

"ನೀನು ಕೊಟ್ಟ ಮಾತು ಮುರಿದೆ," ಅಂದಳು. ಮೊದಲ ಸಲ ಏಕವಚನ!

"ಹೌದು. ಆ ಋಣ ಹೇಗೆ ತೀರಿಸ್ಲಿ, ಹೇಳು."

"ತೀರಿಸ್ಬೇಡ."

"ಯಾಕೆ?"

"ತೀರಿಸಿಬಿಟ್ರೆ ಎದ್ದು ಹೋಗಿಬಿಡ್ತೀಯ," ಅಂದಳು ಪಿರೋಷ್ಕಾ. "ಇರಲಿ ಬಿಡು... ಬಾಕಿ ಇರಲಿ."