ಉಗ್ರಾಣದಲ್ಲಿ ಸಿಕ್ಕ ಪ್ಯಾಡುಗಳು

ಮೂವತ್ತು ವರ್ಷ ಮುಚ್ಚಿದ್ದ ನಮ್ಮ ಹಾಕಿ ಕ್ಲಬ್ಬನ್ನು ಮತ್ತೆ ತೆರೆಯುವ ಉಸಾಬರಿ ನನ್ನ ತಲೆಗೇ ಬಿತ್ತು. ಉಗ್ರಾಣದಲ್ಲಿ ಸಿಕ್ಕ ಗೋಲ್‌ಕೀಪರ್ ಪ್ಯಾಡುಗಳನ್ನು ಮೂರು ದಿನ ಬಿಸಿಲಿಗಿಟ್ಟೆ. ಪ್ರತಿ ಸಂಜೆಯೂ ಅವುಗಳ ಒಳಬದಿ ಬೆವರಿನಿಂದ ಒದ್ದೆಯಾಗಿ, ಈಗಷ್ಟೇ ಯಾರೋ ಕಾಲಿನಿಂದ ಬಿಚ್ಚಿಟ್ಟಂತೆ ಬೆಚ್ಚಗಿರುತ್ತಿತ್ತು.

"ಯಾರ್ರೀ ಇದನ್ನ ಹಾಕ್ಕೊಂಡು ಆಡ್ತಿರೋದು?" ಎಂದು ಮೈದಾನದ ಮಾಲಿಯ ಮೇಲೆ ರೇಗಿದೆ.

"ಪಕ್ಕದಲ್ಲೇ ಕುರ್ಚಿ ಹಾಕ್ಕೊಂಡು ಕಾವಲು ಕೂತಿದ್ದು ನೀವೇ ಅಲ್ವಾ ಸಾರ್?" ಎಂದ.

ಹೊಸದು ಕೊಳ್ಳಲು ಸಮಯವಿರಲಿಲ್ಲ. ಭಾನುವಾರದ ಮೊದಲ ಪಂದ್ಯಕ್ಕೆ ನನ್ನ ಮಗಳು ಗೊಣಗುತ್ತಲೇ ಅವನ್ನು ಕಟ್ಟಿಕೊಂಡಳು. ಎದುರಾಳಿಗಳ ಒಂಬತ್ತು ಹೊಡೆತಗಳಲ್ಲಿ ಒಂದೂ ಗೋಲಾಗಲಿಲ್ಲ. ಎಲ್ಲರೂ ಅವಳ ಬೆನ್ನು ತಟ್ಟಿದರು. ಅವಳು ಮಾತ್ರ ಮುಖ ಗಂಟಿಕ್ಕಿಕೊಂಡು ನನ್ನ ಬಳಿ ಬಂದಳು.

"ಇನ್ಮೇಲೆ ನಾನು ಆಡಲ್ಲ ಅಪ್ಪ. ಒಂಬತ್ತು ಸಲಾನೂ ನನ್ನ ಎಡಗಾಲು ಎತ್ತಿದ್ದು ನಾನಲ್ಲ."