ಎಪ್ಪತ್ತನೇ ಇಸವಿ ಯಾವ ಕಪಾಟಿಗೆ?

ಪ್ರೇಮಕ್ಕೆ ಅಪ್ಪ ಅಡ್ಡ ಬಂದದ್ದುಂಟು, ಅಣ್ಣ ಅಡ್ಡ ಬಂದದ್ದುಂಟು. ಒಂದು ಸೊನ್ನೆ ಅಡ್ಡ ಬಂದದ್ದನ್ನು ನೀವು ಕೇಳಿರಲಿಕ್ಕಿಲ್ಲ. ನಗಬೇಡಿ, ನಡೆದದ್ದನ್ನು ನಡೆದ ಹಾಗೇ ಹೇಳುತ್ತೇನೆ.

ಆ ರೇಡಿಯೋ ಸ್ಟೇಷನ್ನಿನ ಅನೌನ್ಸರನನ್ನು ಎಲ್ಲರೂ ಗಿಳಿ ಎಂದೇ ಕರೆಯುತ್ತಿದ್ದರು. ಯಾರ ದನಿಯೇ ಆಗಲಿ, ಎರಡು ದಿನ ಕಿವಿಗೆ ಬಿದ್ದರೆ ಸಾಕು, ಮೂರನೆಯ ದಿನ ಅದು ಇವನ ಗಂಟಲಲ್ಲಿ ಸಂಸಾರ ಹೂಡಿರುತ್ತಿತ್ತು.

ನೆಲಮಾಳಿಗೆಯ ರೆಕಾರ್ಡ್ ಲೈಬ್ರರಿ ಲೆಕ್ಕದ ಮೇಡಂ ಎಂದು ಹೆಸರಾದವಳ ಸಾಮ್ರಾಜ್ಯ. ಅಲ್ಲಿ ದಶಕಕ್ಕೊಂದು ಕಪಾಟು. ಎಪ್ಪತ್ತನೇ ಇಸವಿಯ ಹಾಡುಗಳನ್ನು ಅವಳು ಅರವತ್ತರ ಕಪಾಟಿನ ಕೊನೆಗೆ ಇಡುವಳು. ಹಾಡು ಒಯ್ಯಲು ಬಂದ ಗಿಳಿ ಅವನ್ನೆತ್ತಿ ಎಪ್ಪತ್ತರ ಕಪಾಟಿನ ಮೊದಲಿಗೆ ಸೇರಿಸಿ ಹೋಗುವನು. ಸಂಜೆಯಾಗುವಷ್ಟರಲ್ಲಿ ಅವು ಮತ್ತೆ ತವರು ಸೇರಿರುತ್ತಿದ್ದವು.

"ಎಪ್ಪತ್ತರ ಹಾಡು ಎಪ್ಪತ್ತರ ದಶಕದಲ್ಲಿರದೆ ಇನ್ನೆಲ್ಲಿರುತ್ತೆ ಮೇಡಂ?"

"ಸೊನ್ನೇ ಇಸವಿ ಅಂತ ಒಂದಿತ್ತೇನ್ರೀ? ಎಣಿಕೆ ಒಂದರಿಂದ ಶುರು. ಹತ್ತಕ್ಕೆ ಹತ್ತು ತುಂಬುತ್ತೆ, ನೂರಕ್ಕೆ ನೂರು. ಎಪ್ಪತ್ತು ಬಾಲ ಕಣ್ರೀ, ತಲೆ ಅಲ್ಲ."

"ಹಾಗಾದ್ರೆ ಈಗ ತಾನೇ ಹುಟ್ಟಿದ ಮಗೂಗೆ ಒಂದು ವರ್ಷ ಅಂತೀರಾ?"

"ಅದು ಮಗು, ಇದು ಇಸವಿ. ಇಸವಿಗೆ ಯಾರೂ ಹಾಲು ಕುಡಿಸಲ್ಲ."

ಹೀಗೆಂದು ಕನ್ನಡಕದ ಮೇಲಿನಿಂದ ಒಂದು ನೋಟ ಬಿಡುವಳು. ತುಟಿ ಬಿಗಿದಿರುತ್ತಿತ್ತು, ಕಣ್ಣು ಮಾತ್ರ ನಗುತ್ತಿತ್ತು. ಆ ನೋಟಕ್ಕಾಗಿಯೇ ಗಿಳಿ ಮರುದಿನವೂ ಸೋಲಲು ಬರುತ್ತಿದ್ದ.

ಹಟ ಅವಳಿಗೆ ಅಪ್ಪನಿಂದ ಬಂದದ್ದು. ಎರಡು ಸಾವಿರದ ಇಸವಿ ಕಾಲಿಟ್ಟಾಗ ಊರೆಲ್ಲ ಕುಣಿದರೂ, ಗಣಿತದ ಮೇಷ್ಟರಾದ ಅವರು ಮನೆಯಲ್ಲಿ ಕೇಕ್ ಕತ್ತರಿಸಲು ಬಿಡಲಿಲ್ಲವಂತೆ. ಶತಮಾನಕ್ಕೆ ಇನ್ನೂ ಒಂದು ವರ್ಷ ಬಾಕಿ ಎಂದು ಕಾಯಿಸಿ, ಮುಂದಿನ ಜನವರಿಯಲ್ಲಿ ಕತ್ತರಿಸಿದರಂತೆ. "ಊರಿಗೆಲ್ಲ ಹಳಸಿದ ಶತಮಾನ, ನಮ್ಮನೇಲಿ ಮಾತ್ರ ಬಿಸಿಬಿಸಿ," ಎಂದು ಅವಳು ಹೆಮ್ಮೆಯಿಂದ ಹೇಳುತ್ತಿದ್ದಳು.

ಇಂಥವಳನ್ನು ಗಿಳಿ ಒಂದು ಮಧ್ಯಾಹ್ನ ಏಣಿ ಹಿಡಿದು ನಿಂತೇ ಕೇಳಿಬಿಟ್ಟಿದ್ದ, ಅದೂ ಸ್ವಂತ ದನಿಯಲ್ಲಿ: "ನನ್ನನ್ನ ಮದುವೆ ಆಗ್ತೀರಾ?"

ಏಣಿಯ ಮೇಲಿದ್ದ ಅವಳು ಕೈಯಲ್ಲಿದ್ದ ರೆಕಾರ್ಡನ್ನು ಅದರ ಜಾಗಕ್ಕೆ ಸೇರಿಸಿದಳು. ಆಮೇಲೆ ಉತ್ತರ ಇಳಿದು ಬಂತು. "ಈ ದಶಕದಲ್ಲಿ ಆ ಮಾತು ಬೇಡ. ಮುಂದಿನ ದಶಕದಲ್ಲಿ ಕೇಳಿ, ಹೇಳ್ತೀನಿ."

ಈಗ ಒಂಬತ್ತರಲ್ಲಿ ಮುಗಿಯುವ ವರ್ಷದ ಕೊನೆಯ ದಿನ. ಗಿಳಿಯ ಲೆಕ್ಕದಲ್ಲಿ ನಾಳೆಯೇ ಹೊಸ ದಶಕ, ಅವಳ ಲೆಕ್ಕದಲ್ಲಿ ಇನ್ನೊಂದು ವರ್ಷ ಕಾಯಬೇಕು. ಕಾಯುವುದೇನು ಅವನಿಗೆ ಭಾರವಲ್ಲ. ಆದರೆ ದೂರದ ಸ್ಟೇಷನ್ನಿಗೆ ಬಡ್ತಿ ಕೊಟ್ಟು ಕಳಿಸುವ ಮಾತು ಬಂದಿತ್ತು. ಹೋಗುತ್ತೀಯೋ ಇಲ್ಲವೋ, ಸಂಜೆಯೊಳಗೆ ಹೇಳು ಎಂದಿದ್ದರು ನಿರ್ದೇಶಕರು. ಅವಳ ಮನಸ್ಸಿನಲ್ಲಿ ತನಗೆ ಜಾಗವಿದ್ದರೆ ಇಲ್ಲೇ ಉಳಿಯುವುದು. ಇಲ್ಲವಾದರೆ ದಿನಾ ಆ ನೋಟ ನೋಡಿ ನೋಯುವುದಕ್ಕಿಂತ ಹೊರಟುಹೋಗುವುದೇ ಮೇಲು. ನೇರವಾಗಿ ಕೇಳೋಣವೆಂದರೆ, ವರ್ಗದ ಸುದ್ದಿ ಹೇಳಿ ಹೆದರಿಸಿದ ಹಾಗಾಗುತ್ತದೆ.

ಸ್ವಂತ ದನಿ ಕೈಕೊಟ್ಟಾಗ ಗಿಳಿ ಇನ್ನೇನು ಮಾಡೀತು? ಖಾಲಿ ಸ್ಟುಡಿಯೋ ಹೊಕ್ಕು ಬಾಗಿಲು ಹಾಕಿಕೊಂಡ. ಲೈಬ್ರರಿಗೆ ಫೋನ್ ಹಚ್ಚಿದ. ಗಂಟಲು ಕೆರೆದು, ಮೂಗಿನಿಂದ ಅರ್ಧ ಮಾತು ಹೊರಡಿಸುವ ನಿರ್ದೇಶಕರ ದನಿ ತೆಗೆದ.

"ಏನಮ್ಮಾ, ಎಪ್ಪತ್ತನೇ ಇಸವೀನ ಎಪ್ಪತ್ತರ ಕಪಾಟಿಗೇ ಇಡಬೇಕು. ಇದು ಆರ್ಡರ್. ಏನಂತೀಯಾ?"

"ಆಗಲಿ ಸರ್," ಅಂದಳು ಅವಳು ಮೆತ್ತಗೆ. "ಆದ್ರೆ ನಂಗೊಂದು ಫಜೀತಿ ಇದೆ. ನಾಳೆಯಿಂದಲೇ ಹೊಸ ದಶಕ ಅಂತಾದ್ರೆ ಒಬ್ಬರಿಗೆ ಉತ್ತರ ಕೊಡಬೇಕಾಗುತ್ತೆ."

ಗಿಳಿಯ ಎದೆ ತಾಳ ತಪ್ಪಿತು. ದನಿ ಮಾತ್ರ ತಪ್ಪಲಿಲ್ಲ. "ಯಾರಮ್ಮಾ ಅದು?"

"ನಿಮ್ಮ ಅನೌನ್ಸರ್. ಮೈಕ್ ಮುಂದೆ ಸಂಭಾವಿತ, ಮೈಕ್ ಬಿಟ್ರೆ ಕೋತಿ. ನೀವು ಹಿರಿಯರು, ನೀವೇ ಹೇಳಿ ಸರ್, ಆಸಾಮಿ ಹೇಗೆ?"

ಇಂಥ ಅವಕಾಶ ಯಾರಿಗೆ ಸಿಗುತ್ತದೆ? "ಅಪ್ಪಟ ಚಿನ್ನ ಕಣಮ್ಮಾ. ಬುದ್ಧಿವಂತ, ವಿನಯವಂತ. ನಾನು ರಿಟೈರ್ ಆದ್ಮೇಲೆ ಈ ಕುರ್ಚೀಲಿ ಅವನನ್ನೇ ಕೂರಿಸ್ಬೇಕು ಅಂತಿದೀನಿ."

ಆ ಕಡೆ ಯಾರೋ ಗಂಟಲು ಕೆರೆದರು. ಆಮೇಲೆ ಮೂಗಿನಿಂದ ಅರ್ಧ, ಬಾಯಿಂದ ಅರ್ಧ ಬಂತು ಮಾತು. "ಕುರ್ಚಿ ವಿಷಯ ನಾನು ಯಾವಾಗಯ್ಯಾ ಹೇಳಿದ್ದು?"

ಗಿಳಿಯ ಕೈಯಿಂದ ರಿಸೀವರ್ ಜಾರಿತು. ಮೆಟ್ಟಿಲುಗಳನ್ನು ಹೇಗೆ ಇಳಿದನೋ ಅವನಿಗೇ ಗೊತ್ತಿಲ್ಲ. ಲೈಬ್ರರಿಯಲ್ಲಿ ಫೋನಿನ ಸ್ಪೀಕರ್ ಒತ್ತಿಟ್ಟು ಅವಳು ಕೂತಿದ್ದಳು. ಎದುರಿಗೆ ನಿರ್ದೇಶಕರು ಟೀ ಕಪ್ಪು ಹಿಡಿದುಕೊಂಡು, ತಮ್ಮ ದನಿ ತಾವೇ ಕೇಳಿಸಿಕೊಂಡ ಬೆರಗಿನಲ್ಲಿದ್ದರು.

"ಸರ್, ಅದು..."

"ನನ್ನ ಮೂಗು ಅಷ್ಟು ಕಟ್ಟಿರುತ್ತೇನಯ್ಯಾ?" ಅಂದರು ಅವರು. "ಬಡ್ತಿ ಬಂದ್ರೂ ಯಾಕೆ ಒದ್ದಾಡ್ತಿದೀಯ ಅಂತ ಇವಳನ್ನ ಕೇಳೋಕೆ ಬಂದೆ. ವರ್ಗದ ವಿಷಯ ಇವಳಿಗೆ ಗೊತ್ತೇ ಇರಲಿಲ್ಲ."

ಅವಳು ಕನ್ನಡಕ ತೆಗೆದಳು. ಕನ್ನಡಕವೇ ಇಲ್ಲದ ಆ ಕಣ್ಣುಗಳು ಅವನನ್ನು ನೋಡಿದ್ದು ಅದೇ ಮೊದಲು. ಅವು ಸ್ವಲ್ಪ ಒದ್ದೆಯಾಗಿದ್ದವು.

"ಹೇಳದೆ ಹೋಗಿಬಿಡ್ತಿದ್ರಾ?"

"ನಿಮ್ಮ ದಶಕಕ್ಕೆ ಇನ್ನೂ ಒಂದು ವರ್ಷ ಇತ್ತಲ್ಲ."

"ಅದನ್ನೇ ಕೂತು ಯೋಚಿಸಿದೆ." ಅವಳು ಎದ್ದು ಎಪ್ಪತ್ತನೇ ಇಸವಿಯ ರೆಕಾರ್ಡುಗಳನ್ನು ಎರಡೂ ಕೈಯಲ್ಲಿ ಎತ್ತಿಕೊಂಡಳು. "ಇಪ್ಪತ್ತೊಂದನೇ ಶತಮಾನ ಅಂದ್ರೆ ಎಣಿಕೆ, ಒಂದರಿಂದಲೇ ಎಣಿಸಬೇಕು. ಅಲ್ಲಿ ಅಪ್ಪ ಸರಿ. ಎಪ್ಪತ್ತರ ದಶಕ ಅಂದ್ರೆ ಎಣಿಕೆ ಅಲ್ಲ, ಬರೀ ಹೆಸರು. ಎಪ್ಪತ್ತು ಅನ್ನಿಸಿಕೊಂಡಿದ್ದೆಲ್ಲ ಆ ಮನೆಯದೇ. ಇಲ್ಲಿ ನೀವು ಸರಿ."

ಹಾಡುಗಳು ಎಪ್ಪತ್ತರ ಕಪಾಟಿನ ತಲೆಗೆ ಕೂತವು. ಗಿಳಿಗೆ ಗೆದ್ದ ಖುಷಿಗಿಂತ, ಅಷ್ಟು ದಿನ ಬಿಗಿಹಿಡಿದಿದ್ದ ಉಸಿರು ಹೊರಬಿದ್ದ ಹಗುರವೇ ದೊಡ್ಡದಾಗಿತ್ತು.

"ಸರ್, ನಾನು ಎಲ್ಲಿಗೂ ಹೋಗಲ್ಲ," ಅಂದ, ತನ್ನದೇ ದನಿಯಲ್ಲಿ.

"ಅದು ಗೊತ್ತಾಯ್ತು ಬಿಡು," ಅಂದರು ನಿರ್ದೇಶಕರು. "ಉತ್ತರ ನಾಳೆಯೇನಮ್ಮಾ?"

ಅವಳು ಬೆನ್ನು ನೆಟ್ಟಗೆ ಮಾಡಿದಳು. ಮೇಜಿನ ಮೇಲಿದ್ದ ಪೆನ್ನನ್ನು ಮೈಕಿನಂತೆ ಹಿಡಿದಳು. ಜೀವಮಾನದಲ್ಲಿ ಯಾರನ್ನೂ ಅಣಕಿಸದವಳು, ಗಿಳಿಯ ಆ ಜೇನು ಸುರಿಯುವ ಅನೌನ್ಸರ್ ದನಿಯನ್ನು, ವಾಕ್ಯದ ಕೊನೆಗೆ ಅವನು ಎಳೆಯುವ ಆ ಒಂದು ಎಳೆತದ ಸಮೇತ ಹೊರಡಿಸಿದಳು.

"ಪ್ರಿಯ ಕೇಳುಗರೇ, ತಾಂತ್ರಿಕ ಅಡಚಣೆಯಿಂದ ಪ್ರಸಾರವಾಗದೆ ಉಳಿದಿದ್ದ ಉತ್ತರವನ್ನು ಈಗ ಕೇಳಲಿದ್ದೀರಿ. ಉತ್ತರ, ಹೌದೂ... ಅಡಚಣೆಗಾಗಿ ವಿಷಾದಿಸುತ್ತೇವೆ."

ನಿರ್ದೇಶಕರು ಟೀ ಚೆಲ್ಲಿಕೊಂಡು ನಕ್ಕರು. ಅವಳು ಪೆನ್ನಿನ ಹಿಂದೆ ಮುಖ ಮುಚ್ಚಿಕೊಂಡು ನಕ್ಕಳು. ಗಿಳಿಯೋ, ಕಪಾಟಿಗೆ ಒರಗಿ, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು, ಇಬ್ಬರ ನಗೆಯೂ ಮುಳುಗಿಹೋಗುವಷ್ಟು ಜೋರಾಗಿ ನಕ್ಕ.